ಹೆಸರಷ್ಟೇ ಅಲ್ಲ, ಚಕ್ಕುಬಂದಿಯನ್ನೂ ಓದಿ

ಮಾನ್ಯರೆ,

ಪೂರ್ವಜರ ಹುಡುಕಾಟದ ಬಗ್ಗೆ ಪುರವಣಿಯಲ್ಲಿ ಬಂದ ಲೇಖನ ಜನಗಣತಿ, ಡಿಎನ್‌ಎ ಪರೀಕ್ಷೆಗಳ ಬಗ್ಗೆ ವಿವರವಾಗಿ ಹೇಳಿ, ಜಮೀನಿನ ಕಾಗದಪತ್ರಗಳನ್ನು ಒಂದೇ ಸಾಲಿನಲ್ಲಿ ಮುಗಿಸಿತು. ಇದೇ ಗೀಳು ಹತ್ತಿಸಿಕೊಂಡಿರುವ ನನಗೆ ಆ ಒಂದು ಸಾಲು ಸಾಲದು ಅನ್ನಿಸಿತು.

ಹಳೆಯ ಕ್ರಯಪತ್ರ ಸಿಕ್ಕರೆ ನಾವೆಲ್ಲ ನೋಡುವುದು ಕೊಟ್ಟವರು ಯಾರು, ಕೊಂಡವರು ಯಾರು ಎಂದು. ‘ಬಿನ್’, ‘ಕೋಂ’ ನೋಡಿ ತಂದೆಯನ್ನೋ ಗಂಡನನ್ನೋ ಗುರುತು ಹಾಕಿಕೊಂಡು ಪತ್ರ ಮಡಚಿಡುತ್ತೇವೆ. ನಾನೂ ಹಾಗೆಯೇ ಮಾಡಿ, ಮುತ್ತಜ್ಜ ಒಬ್ಬನೇ ಮಗ ಎಂದು ನಂಬಿ ಕೂತಿದ್ದೆ. ಅವನ ತಮ್ಮ ಸಿಕ್ಕಿದ್ದು ಪಕ್ಕದ ಹೊಲದವರ ಪತ್ರದಲ್ಲಿ. ಜಮೀನಿನ ನಾಲ್ಕೂ ದಿಕ್ಕಿಗೆ ಯಾರ ಹೊಲವಿದೆ ಎಂದು ಹೇಳುವ ಚಕ್ಕುಬಂದಿಯ ‘ಪೂರ್ವಕ್ಕೆ’ ಎಂಬಲ್ಲಿ ಅದೇ ತಂದೆಯ ಹೆಸರು ಹೊತ್ತು ನಿಂತಿದ್ದ! ಒತ್ತಿನಲ್ಲಿರುವ ಎಷ್ಟೋ ಹೊಲಗಳು ಒಂದೇ ಹೊಲ ಪಾಲಾಗಿ ಆದವು. ಸಾಕ್ಷಿ ಹಾಕಿದವರಲ್ಲೂ ಭಾವ, ಅಳಿಯ, ಬೀಗರು ಅಡಗಿರುತ್ತಾರೆ. ಇನ್ನು ಆಸ್ತಿ ಪಾಲು ಮಾಡಿಕೊಂಡ ವಿಭಾಗಪತ್ರವೆಂದರೆ ಹಬ್ಬವೇ. ಪಾಲಿಗಾಗಿ ಜಗಳವಾಡಿದ ಮನೆತನದ ವಂಶವೃಕ್ಷಕ್ಕೆ ಕೊಂಬೆಗಳು ಹೆಚ್ಚು.

ಐರ್ಲೆಂಡಿನವರಿಗಂತೂ ಜಮೀನಿನ ದಾಖಲೆ ಓದುವುದು ಅನಿವಾರ್ಯ. 1922ರಲ್ಲಿ ಅಂತರ್ಯುದ್ಧದ ಹೊತ್ತಿಗೆ ಡಬ್ಲಿನ್‌ನ ದಾಖಲೆ ಕಚೇರಿ ಸುಟ್ಟು, 1821ರಿಂದ 1851ರವರೆಗಿನ ಗಣತಿ ಹಾಳೆಗಳು ಬಹುಪಾಲು ಬೂದಿಯಾದವು; ನಂತರದ ನಾಲ್ಕು ಗಣತಿಗಳ ಹಾಳೆಗಳನ್ನು ಸರ್ಕಾರವೇ ಮೊದಲೇ ನಾಶ ಮಾಡಿತ್ತು. ಈಗ ಅಲ್ಲಿ ಅಜ್ಜಂದಿರನ್ನು ಹುಡುಕುವವರಿಗೆ ಆಸರೆ, ತೆರಿಗೆಗಾಗಿ ತಯಾರಿಸಿ 1847ರಿಂದ 1864ರ ನಡುವೆ ಪ್ರಕಟಿಸಿದ, ಜಮೀನು-ಕಟ್ಟಡಗಳ ಬೆಲೆಪಟ್ಟಿಯಾದ ಗ್ರಿಫಿತ್ ಮೌಲ್ಯಮಾಪನ. ಅದರಲ್ಲಿ ಭೂಮಿ ಕೊಟ್ಟವನ ಜೊತೆಗೆ ಗೇಣಿದಾರನ ಹೆಸರೂ ಇದೆ. ಆಮೇಲಿನ ತಿದ್ದುಪಡಿ ಪುಸ್ತಕಗಳಲ್ಲಿ ಹಳೆಯ ಹೆಸರು ಹೊಡೆದು, ಬೇರೆ ಬಣ್ಣದ ಶಾಯಿಯಲ್ಲಿ ಹೊಸದನ್ನು ಬರೆದು, ವರ್ಷ ನಮೂದಿಸಿದ್ದಾರೆ. ಬಂದದ್ದು ಅದೇ ಮನೆತನದ ಹೆಸರಾದರೆ ಅಪ್ಪ ತೀರಿಕೊಂಡಿರಬಹುದು. ಬೇರೆಯದಾದರೆ ಸಂಸಾರವೇ ಹಡಗು ಹತ್ತಿರಬಹುದು. ಆದರೆ ಹೆಸರು ತಿದ್ದಿದ ವರ್ಷವನ್ನೇ ಸತ್ತ ವರ್ಷವೆಂದು ಬರೆದುಕೊಳ್ಳಬೇಡಿ. ಯಾವ ದೇಶದಲ್ಲೇ ಆಗಲಿ, ಖಾತೆ ಬದಲಾವಣೆ ಸಾವಿನ ಹಿಂದೆಯೇ ಓಡಿಬರುವುದಿಲ್ಲ.

ತುಂಡು ನೆಲವೂ ಇಲ್ಲದವರು ಈ ಕಾಗದಗಳಲ್ಲಿ ಕಾಣುವುದು ಅಪರೂಪ. ಕಂಡರೆ, ಎಲ್ಲೋ ಕೊನೆಯಲ್ಲಿ ಸಾಕ್ಷಿಯ ಹೆಬ್ಬೆಟ್ಟಾಗಿ. ಅವರ ಮೊಮ್ಮಕ್ಕಳು ಎಲ್ಲಿ ಹುಡುಕಬೇಕು? ಪುರವಣಿಯ ಮುಂದಿನ ಲೇಖನ ಅದರ ಬಗ್ಗೆ ಬರಲಿ.

ಇಂತಿ,
ಒಬ್ಬ ಓದುಗ