ಡೇವಿಡ್ ಬೋವಿ ಹಾಕಿದ ವೇಷಗಳು: ಗೆಳೆಯನಿಗೊಂದು ಪತ್ರ

ಬಸವನಗುಡಿ, ಬೆಂಗಳೂರು

ಪ್ರಿಯ ಗೆಳೆಯ,

ಇಷ್ಟು ವರ್ಷ ಬ್ಯಾಂಡಿನಲ್ಲಿ ಹಾಡಿದ ನೀನು ನಾಟಕವೊಂದರಲ್ಲಿ ಪಾತ್ರ ಮಾಡಲು ಒಪ್ಪಿಕೊಂಡಿರುವೆ ಎಂದು ತಿಳಿದು ಬಹಳ ಸಂತೋಷವಾಯಿತು. ಆದರೆ ಹಾಡುವವನು ನಟನೆಗೆ ಇಳಿದರೆ ಎರಡೂ ಕೆಡುತ್ತವೆ ಎಂದು ನಿನ್ನ ಸಂಗಡಿಗರು ಹೇಳಿದ ಮಾತನ್ನು ನೀನೂ ಅರ್ಧ ನಂಬಿದಂತೆ ಬರೆದಿರುವುದು ನನಗೆ ಒಪ್ಪಿಗೆಯಾಗಲಿಲ್ಲ. ಕಂಪನಿ ನಾಟಕಗಳನ್ನು ಕಂಡ ನಾಡಿನವರು ಆಡುವ ಮಾತೇ ಅದು? ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್ ಅವರು 1974ರ ನಂತರ ತಮ್ಮ ಪಾತ್ರಗಳಿಗೆ ತಾವೇ ಹಾಡತೊಡಗಿದರು, ಮುಂದೆ ‘ಜೀವನ ಚೈತ್ರ’ದ ಹಾಡಿಗೆ ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. ಅದೇ ಕಂಪನಿಯಲ್ಲಿ ಬಾಲಕನಾಗಿದ್ದ ಬಿ.ವಿ. ಕಾರಂತರು ನಿರ್ದೇಶನವನ್ನೂ ಸಂಗೀತವನ್ನೂ ಬೇರೆ ಬೇರೆ ಕಸುಬೆಂದು ಎಣಿಸಲೇ ಇಲ್ಲ. ನಿನಗೆ ಪ್ರಿಯವಾದ ರಾಕ್ ಸಂಗೀತದಲ್ಲೂ ಅಂಥವನೊಬ್ಬನಿದ್ದ. ಅವನ ಹಾಡುಗಳನ್ನು ನೀನು ಬಲ್ಲೆ. ಅವನ ನಟನೆಯನ್ನು ನೀನು ಇನ್ನೂ ಸರಿಯಾಗಿ ನೋಡಿಲ್ಲ ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಡೇವಿಡ್ ಬೋವಿ 1947ರ ಜನವರಿ 8ರಂದು ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಡೇವಿಡ್ ಜೋನ್ಸ್ ಆಗಿ ಹುಟ್ಟಿದ. ಅದೇ ಹೆಸರಿನ ಇನ್ನೊಬ್ಬ ಗಾಯಕ ಜನಪ್ರಿಯನಾಗಿದ್ದರಿಂದ ತನ್ನ ಹೆಸರು ಬದಲಿಸಿಕೊಂಡ. 1967ರಲ್ಲಿ ಬಂದ ಅವನ ಮೊದಲ ಆಲ್ಬಮ್ ಯಾರ ಗಮನವನ್ನೂ ಸೆಳೆಯಲಿಲ್ಲ. ಆಗ ಆತ ಲಿಂಡ್ಸೆ ಕೆಂಪ್ ಎಂಬ ನರ್ತಕನ ಬಳಿ ಹೋಗಿ ಮೂಕಾಭಿನಯ ಕಲಿತು, ಅವನ ತಂಡದೊಂದಿಗೆ ರಂಗವೇರಿದ. ಬೋವಿಯ ಜೀವನ ಬರೆಯುವವರು ಈ ಘಟ್ಟವನ್ನು ಒಂದೆರಡು ಸಾಲಿನಲ್ಲಿ ದಾಟಿಬಿಡುವುದುಂಟು. ನನ್ನ ಮಟ್ಟಿಗೆ ಅವನ ಮುಂದಿನ ಬದುಕಿನ ಬೇರು ಇರುವುದೇ ಇಲ್ಲಿ. ಮನುಷ್ಯ ಚಂದ್ರನ ಮೇಲೆ ಕಾಲಿಡುವುದಕ್ಕೆ ಒಂಬತ್ತು ದಿನ ಮೊದಲು, 1969ರ ಜುಲೈ 11ರಂದು ಹೊರಬಂದ, ಅಂತರಿಕ್ಷದಲ್ಲಿ ಕಳೆದುಹೋಗುವ ಯಾತ್ರಿಯೊಬ್ಬನ ಹಾಡಿನಿಂದ ಅವನಿಗೆ ಮೊದಲ ಯಶಸ್ಸು ದೊರೆತಾಗಲೂ, ಆತ ಹಾಡಿದ್ದು ಒಂದು ಪಾತ್ರವಾಗಿಯೇ.

1972ರಲ್ಲಿ ಬೋವಿ ತಾನೇ ಸೃಷ್ಟಿಸಿದ ಝಿಗ್ಗಿ ಸ್ಟಾರ್‌ಡಸ್ಟ್ ಎಂಬ ಪಾತ್ರವಾಗಿ ರಂಗಕ್ಕೆ ಬಂದ. ಕೆಂಪು ಕೂದಲು, ಬಣ್ಣ ಬಳಿದ ಮುಖ, ಜಪಾನಿನ ಕನ್ಸಾಯ್ ಯಮಾಮೊಟೊ ರೂಪಿಸಿದ ಉಡುಪು ಇವೆಲ್ಲ ಕೂಡಿ, ಸಭಿಕರು ಬೋವಿಯನ್ನು ಮರೆತು ಝಿಗ್ಗಿಯನ್ನೇ ನೋಡತೊಡಗಿದರು. 1973ರ ಜುಲೈ 3ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್‌ನಲ್ಲಿ, ಕೀರ್ತಿಯ ತುದಿಯಲ್ಲಿದ್ದಾಗಲೇ, ಇದೇ ಕೊನೆಯ ಪ್ರದರ್ಶನವೆಂದು ಘೋಷಿಸಿ ಆತ ಆ ವೇಷವನ್ನು ಕಳಚಿದ. ನಮ್ಮ ಯಕ್ಷಗಾನದ ಕಲಾವಿದ ಬೆಳಗಾಗುತ್ತಲೇ ಚೌಕಿಯಲ್ಲಿ ಬಣ್ಣ ಒರೆಸಿ ಮನೆಗೆ ಹೊರಡುವಷ್ಟು ಸುಲಭವಾಗಿ ಅವನಿಗೆ ಅದು ಸಾಧ್ಯವಾಗಲಿಲ್ಲ. 1975ರ ಹೊತ್ತಿಗೆ ಲಾಸ್ ಏಂಜಲಿಸ್‌ನಲ್ಲಿ ಕೊಕೇನ್ ಚಟಕ್ಕೆ ಸಿಲುಕಿ ಬಹಳ ಕೃಶನಾಗಿದ್ದ. ನಿರ್ದೇಶಕ ನಿಕೊಲಸ್ ರೋಗ್ ಅವನನ್ನು ತನ್ನ ಚಿತ್ರಕ್ಕೆ ಆರಿಸಿಕೊಂಡಿದ್ದು ಆ ಸ್ಥಿತಿಯಲ್ಲೇ. ಒಣಗಿಹೋದ ತನ್ನ ಗ್ರಹಕ್ಕೆ ನೀರು ಹುಡುಕುತ್ತ ಭೂಮಿಗೆ ಬಂದು, ಇಲ್ಲಿ ಮದ್ಯಕ್ಕೆ ದಾಸನಾಗುವ ನ್ಯೂಟನ್ ಎಂಬ ಆಗಂತುಕನ ಪಾತ್ರ ಅದು. 1976ರಲ್ಲಿ ಬಂದ ಆ ಚಿತ್ರದ ದೃಶ್ಯಗಳೇ ಅವನ ಮುಂದಿನ ಎರಡು ಆಲ್ಬಮ್‌ಗಳ ಮುಖಚಿತ್ರಗಳಾದವು.

ನಂತರ ಬರ್ಲಿನ್ನಿಗೆ ಹೋದ. ಗಾಯಕನಾದ ನಿನಗೆ ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 1977ರಲ್ಲಿ, ಬರ್ಲಿನ್ ಗೋಡೆಗೆ ಸಮೀಪದ ಹಾನ್ಸಾ ಸ್ಟುಡಿಯೊದಲ್ಲಿ, ಗೋಡೆಯ ಬಳಿ ಸೇರುವ ಪ್ರೇಮಿಗಳ ಹಾಡನ್ನು ಧ್ವನಿಮುದ್ರಿಸುವಾಗ ನಿರ್ಮಾಪಕ ಟೋನಿ ವಿಸ್ಕಾಂಟಿ ಮೂರು ಮೈಕ್‌ಗಳನ್ನು ಇರಿಸಿದ: ಒಂದು ಬಾಯಿಂದ 9 ಅಂಗುಲ ದೂರದಲ್ಲಿ, ಇನ್ನೊಂದು 20 ಅಡಿ, ಮತ್ತೊಂದು 50 ಅಡಿ ದೂರದಲ್ಲಿ. ದೂರದ ಎರಡು ಮೈಕ್‌ಗಳು ದನಿ ಒಂದು ಮಟ್ಟಕ್ಕೆ ಏರಿದಾಗ ಮಾತ್ರ ತೆರೆದುಕೊಳ್ಳುತ್ತಿದ್ದವು. ಹೀಗಾಗಿ ಪಿಸುಮಾತಿನಂತೆ ಆರಂಭವಾಗುವ ಹಾಡು ಕೊನೆಯ ಚರಣಗಳಿಗೆ ಬರುವಾಗ ಇಡೀ ಸಭಾಂಗಣವನ್ನು ತುಂಬುವ ಕೂಗಾಗುತ್ತದೆ. ಕೊನೆಯ ಸಾಲಿನ ಪ್ರೇಕ್ಷಕನನ್ನು ತಲುಪಲು ನಟನು ದನಿಯನ್ನು ಬೆಳೆಸುತ್ತಾನಲ್ಲ, ಅಲ್ಲಿ ನಡೆದದ್ದೂ ಅದೇ.

1980ರಲ್ಲಿ ಬ್ರಾಡ್‌ವೇ ರಂಗಭೂಮಿಯಲ್ಲಿ ಆತ ‘ಎಲಿಫೆಂಟ್ ಮ್ಯಾನ್’ ನಾಟಕದ ಮೆರಿಕ್ ಪಾತ್ರ ಮಾಡಿದ. ಭೀಕರವಾಗಿ ವಿರೂಪಗೊಂಡ ಮನುಷ್ಯನ ಪಾತ್ರವಾದರೂ ಮುಖಕ್ಕೆ ಕೃತಕ ಅಚ್ಚಿಲ್ಲ, ಮೈಗೆ ತುಂಬುವ ಹತ್ತಿಯಿಲ್ಲ. ಬರಿಯ ಮೈಯ ತಿರುಚು, ತಡವರಿಸುವ ಮಾತು ಇವುಗಳಿಂದಲೇ ಎಲ್ಲವನ್ನೂ ತೋರಿಸಬೇಕಿತ್ತು. ಅದನ್ನು ನೋಡಿದ ಜಪಾನಿನ ನಾಗಿಸಾ ಒಶಿಮಾ, ಜಾವಾದ ಯುದ್ಧಕೈದಿಗಳ ಶಿಬಿರವನ್ನು ಕುರಿತ ತನ್ನ 1983ರ ಚಿತ್ರಕ್ಕೆ ಅವನನ್ನು ಕರೆದ. ಅದರಲ್ಲಿ ಶಿಬಿರದ ಅಧಿಕಾರಿಯಾಗಿ ನಟಿಸಿದ ರಿಯುಯಿಚಿ ಸಕಾಮೊಟೊ ಕೂಡ ಸಂಗೀತಗಾರನೇ. ಚಿತ್ರದ ಸಂಗೀತವೂ ಅವನದೇ. ತನ್ನನ್ನು ಕೊಲ್ಲಲು ಒಯ್ಯುವರೆಂದು ತಿಳಿದ ಕೈದಿ, ಬರಿಗೈಯಲ್ಲಿ ಇಲ್ಲದ ಕತ್ತಿಯನ್ನು ಹಿಡಿದು ಗಡ್ಡ ಹೆರೆಯುವ ದೃಶ್ಯವೊಂದು ಅದರಲ್ಲಿದೆ. ಕೆಂಪ್‌ನ ಬಳಿ ಕಲಿತ ಮೂಕಾಭಿನಯ ಹದಿನೈದು ವರ್ಷಗಳ ನಂತರ ಅಲ್ಲಿ ಫಲ ಕೊಟ್ಟಿದೆ. ಬೋವಿಯ ನಟನೆಯಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇರಿಸುವುದು ಇದನ್ನೇ.

ಅವನ ಎಲ್ಲ ಚಿತ್ರಗಳೂ ಹೀಗಿಲ್ಲ. ಎಂಬತ್ತರ ದಶಕದ ಕೆಲವು ಪಾತ್ರಗಳಲ್ಲಿ ಅವನ ಹೆಸರು ಮಾತ್ರ ಇದೆ, ಪಾತ್ರವಿಲ್ಲ. ಆದರೆ 2006ರಲ್ಲಿ ಬಂದ ತನ್ನ ಚಿತ್ರದಲ್ಲಿ ವಿಜ್ಞಾನಿ ನಿಕೋಲಾ ಟೆಸ್ಲಾನ ಪಾತ್ರಕ್ಕೆ ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಕೇಳಿದಾಗ ಬೋವಿ ಮೊದಲು ನಿರಾಕರಿಸಿ, ನಿರ್ದೇಶಕನೇ ನ್ಯೂಯಾರ್ಕಿಗೆ ಬಂದು ಕೇಳಿಕೊಂಡ ಮೇಲೆ ಒಪ್ಪಿದ. ಕೆಲವೇ ನಿಮಿಷಗಳ ಆ ಪಾತ್ರದಲ್ಲಿ ಅವನ ತಗ್ಗಿದ ದನಿಯನ್ನು ಗಮನಿಸು.

ಕ್ಯಾನ್ಸರಿಗೆ ಗುರಿಯಾಗಿದ್ದನ್ನು ಹೊರಗೆ ತಿಳಿಸದೆ, ನ್ಯೂಟನ್‌ನ ಕಥೆಯನ್ನೇ ಮುಂದುವರಿಸುವ ಸಂಗೀತ ನಾಟಕವೊಂದನ್ನು ಆತ 2015ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ರಂಗಕ್ಕೆ ತಂದ. ಅದರ ಮೊದಲ ರಾತ್ರಿಯೇ ಆತ ಸಾರ್ವಜನಿಕವಾಗಿ ಕಾಣಿಸಿಕೊಂಡ ಕೊನೆಯ ಸಂದರ್ಭ. ತನ್ನ 69ನೆಯ ಹುಟ್ಟುಹಬ್ಬದಂದು ಕೊನೆಯ ಆಲ್ಬಮ್ ಹೊರತಂದು, ಎರಡು ದಿನಗಳ ನಂತರ, 2016ರ ಜನವರಿ 10ರಂದು ತೀರಿಕೊಂಡ. ಹಾಡುಗಾರ ಮತ್ತು ನಟ ಇಬ್ಬರೂ ಒಟ್ಟಿಗೇ ದುಡಿದರು, ಕೊನೆಯ ತಿಂಗಳವರೆಗೂ.

ತಾಲೀಮು ಆರಂಭವಾಗುವ ಮೊದಲು ಒಶಿಮಾನ ಚಿತ್ರವನ್ನು ನೋಡು. ಆ ಗಡ್ಡ ಹೆರೆಯುವ ದೃಶ್ಯವನ್ನು ದನಿ ಇಲ್ಲದೆ ಇನ್ನೊಮ್ಮೆ ನೋಡು. ನಿನ್ನ ನಾಟಕ ರಂಗಶಂಕರದಲ್ಲಾಗಲಿ ಕಲಾಕ್ಷೇತ್ರದಲ್ಲಾಗಲಿ ತೆರೆಕಂಡರೆ, ಮೈಕ್ ಇಲ್ಲದೆ ಕೊನೆಯ ಸಾಲಿಗೆ ಮಾತು ಮುಟ್ಟಿಸುವ ಅಭ್ಯಾಸವನ್ನು ಈಗಿನಿಂದಲೇ ಮಾಡು. ದಿನಾಂಕ ಗೊತ್ತಾದ ಕೂಡಲೇ ತಿಳಿಸು, ಮನೆಯವರೆಲ್ಲರೂ ಬರುತ್ತೇವೆ.

ಪ್ರೀತಿಯಿಂದ,
ನಿನ್ನ ಗೆಳೆಯ