ಅರ್ಧ ಕ್ಯಾನಿನ ಹಾಲು

ಚಿರಂಜೀವಿ ಮಗನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಸೋಮವಾರ ಕೈಸೇರಿತು. ಊರಿನ ಸಮಾಚಾರವನ್ನು ನಿಮ್ಮಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಬಿಡುತ್ತೇನೆ. ಬೆಂಗಳೂರಿನಿಂದ ಉಡುಪಿಗೆ ಸೈಕಲ್ಲಿನಲ್ಲಿ ಹೋಗಬೇಡ ಎನ್ನುವುದಕ್ಕೂ ನಾನು ಕುಳಿತಿಲ್ಲ. ಹೇಳಿದರೆ ಕೇಳುವ ಪೈಕಿ ನೀನಲ್ಲ. ಆದರೆ ಮೂರನೆಯ ಪುಟದ ಕೆಳಗೆ ಒಂದು ಸಾಲು ಬರೆದಿದ್ದೀಯ. ನಂದಿಬೆಟ್ಟ ಇಳಿಯುವಾಗ ಹಿಂದಿನ ಸಾಮಾನಿಗೆ ಜೀವ ಬಂದ ಹಾಗಾಯಿತು, ಹ್ಯಾಂಡಲ್ ನಡುಗಿತು, ಆಗುಂಬೆಯಲ್ಲೂ ಹೀಗಾದರೆ ಏನು ಮಾಡಲಿ ಎಂದು. ಅದಾದ ಮೇಲೆ ಟೆಂಟು, ಸ್ಟೌವು ಎಂದು ನೀನು ಮುಂದಕ್ಕೆ ಹೋಗಿದ್ದೀಯ. ನಾನು ಮಾತ್ರ ನಾಲ್ಕು ದಿನದಿಂದ ಆ ಸಾಲಿನಲ್ಲೇ ನಿಂತಿದ್ದೇನೆ.

ಜೀವ ಬರುವುದೆಂದರೆ ಏನೆಂದು ನನಗೆ ಗೊತ್ತು. ಮದ್ದೂರಿನ ಹೋಟೆಲಿಗೆ ಹಾಲು ಹಾಕುತ್ತಿದ್ದ ಕಾಲದಲ್ಲಿ ಕ್ಯಾರಿಯರಿನ ಎರಡು ಪಕ್ಕಕ್ಕೂ 20 ಲೀಟರಿನ ಒಂದೊಂದು ಕ್ಯಾನನ್ನು ಕೊಕ್ಕೆಗೆ ನೇತುಹಾಕುತ್ತಿದ್ದೆ. ಅದೇ ಕ್ಯಾರಿಯರಿನ ಮೇಲೆ 75 ಕೆ.ಜಿ. ಭತ್ತದ ಮೂಟೆಯನ್ನೂ ಮಿಲ್ಲಿಗೆ ಸಾಗಿಸಿದ್ದೇನೆ. ಹಳೆಯ ಟ್ಯೂಬು ಸೀಳಿದ ಪಟ್ಟಿಯಿಂದ ಬಿಗಿದರೆ ಮೂಟೆ ಸೈಕಲ್ಲಿನ ಮೈಗೇ ಅಂಟಿಕೊಂಡುಬಿಡುತ್ತಿತ್ತು. ಹಾಲು ಹಾಗಲ್ಲ. ಕಂಠದವರೆಗೆ ತುಂಬಿದ ಕ್ಯಾನು ಮೂಟೆಯಂತೆ ಸುಮ್ಮನಿರುತ್ತದೆ. ಅರ್ಧ ಖಾಲಿಯಾಯಿತೋ, ಬ್ರೇಕು ಹಿಡಿದ ಒಂದು ಕ್ಷಣದ ಮೇಲೆ ಒಳಗಿನ ಹಾಲು ಮುಂದಕ್ಕೆ ನುಗ್ಗುತ್ತದೆ. ಹ್ಯಾಂಡಲ್ ತಿರುಗಿಸಿದರೆ ಪಕ್ಕಕ್ಕೆ ನುಗ್ಗುತ್ತದೆ. ಬೆನ್ನ ಹಿಂದೆ ಯಾರೋ ಕುಳಿತು ಭುಜ ಹಿಡಿದು ಅಲ್ಲಾಡಿಸಿದ ಹಾಗೆ.

ಅದಕ್ಕೇ, ಕ್ಯಾರಿಯರಿನ ನೆತ್ತಿಯ ಮೇಲೆ 10 ಲೀಟರಿನ ನೀರಿನ ಚೀಲ ಕಟ್ಟಿಕೊಂಡಿದ್ದೆ, ಬೆಟ್ಟ ಹತ್ತುವಾಗ ಅರ್ಧ ಕುಡಿದು ಮುಗಿಸಿದ್ದೆವು ಎಂದು ನಿನ್ನ ಕಾಗದದಲ್ಲಿ ಓದಿದಾಗ ನನ್ನ ಎದೆ ಧಸಕ್ಕೆಂದಿತು. ಆ ಚೀಲವನ್ನು ಮನೆಯಲ್ಲಿಟ್ಟು ಹೋಗು. ಸಣ್ಣ ಬಾಟಲಿಗಳಲ್ಲಿ ನೀರು ತುಂಬಿಸಿ, ಪಕ್ಕದ ಬ್ಯಾಗುಗಳ ತಳದಲ್ಲಿಡು.

ಪಕ್ಕಕ್ಕೆ ತೂಗುಹಾಕುವ ಪ್ಯಾನಿಯರ್ ಬ್ಯಾಗೋ, ಹಿಂದೆ ಎಳೆಯುವ ಟ್ರೇಲರೋ ಎಂದು ಕೇಳಿದ್ದೀಯ. ನಿಮ್ಮ ಕಾಲದ ಸಾಮಾನಿನ ಬಗ್ಗೆ ನಾನು ಹೇಳುವುದು ಅಧಿಕಪ್ರಸಂಗವಾದೀತು. ಬರೀ ಬಯಲಿನ ರಸ್ತೆಯಾಗಿದ್ದರೆ ಟ್ರೇಲರ್ ತೆಗೆದುಕೋ ಎನ್ನುತ್ತಿದ್ದೆ, ಹೆಚ್ಚಿನ ಭಾರ ಸೈಕಲ್ಲಿನ ಮೇಲೆ ಬೀಳುವುದಿಲ್ಲ. ಆದರೆ ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹೇರ್‌ಪಿನ್ ತಿರುವು. ಇಳಿಜಾರಿನಲ್ಲಿ ಟ್ರೇಲರ್ ಹಿಂದಿನಿಂದ ದೂಡುತ್ತದೆ, ತಿರುವಿನಲ್ಲಿ ನಿನ್ನ ಚಕ್ರ ಹೋದ ದಾರಿ ಬಿಟ್ಟು ಒಳಮಗ್ಗುಲಿಗೆ ಬರುತ್ತದೆ. ನನಗೆ ಬ್ಯಾಗೇ ವಾಸಿ ಅನ್ನಿಸುತ್ತದೆ. ಎರಡು ಪಕ್ಕದ ಬ್ಯಾಗುಗಳನ್ನೂ ಅಡುಗೆಮನೆಯ ತಕ್ಕಡಿಯಲ್ಲಾದರೂ ತೂಗಿ ಸಮ ಮಾಡಿಕೋ. ಸ್ವಲ್ಪ ಭಾರವನ್ನು ಮುಂದಿನ ಚಕ್ರದ ಪಕ್ಕಕ್ಕೂ ಹಂಚು, ಎಲ್ಲವೂ ಹಿಂದೆ ಬಿದ್ದರೆ ಮುಂಗಾಲಿ ಹಗುರವಾಗಿ ಹ್ಯಾಂಡಲ್ ಮಾತು ಕೇಳುವುದಿಲ್ಲ. ಕ್ಯಾರಿಯರಿನ ಮೇಲೆ 25 ಕೆ.ಜಿ. ಎಂದು ಅಚ್ಚಾಗಿದೆ ಎಂದಿದ್ದೀಯ. ಅಷ್ಟನ್ನು ಹೇರಲೇಬೇಕೆಂದು ಅದರ ಅರ್ಥವಲ್ಲ.

ಮತ್ತೆ ಅಲ್ಲಿಗೇ ಬರುತ್ತೇನೆ, ಬೇಸರಪಡಬೇಡ. ನಿಮ್ಮಪ್ಪನ ಕಾಲಿನ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತು, ಅದನ್ನು ಹೇಳಲು ಹೊರಟಿಲ್ಲ. ಗೊತ್ತಿಲ್ಲದ್ದು ಬೇರೆ ಇದೆ. ಆ ಬೆಳಿಗ್ಗೆ ಎಡಗಡೆಯ ಕ್ಯಾನು ಅರ್ಧ ಖಾಲಿಯಿತ್ತು. ನಾಲೆಯ ಪಕ್ಕದ ಟೀ ಅಂಗಡಿಗೆ 10 ಲೀಟರ್ ಅಳೆದುಕೊಟ್ಟು ದುಡ್ಡು ಜೇಬಿಗಿಳಿಸಿದ್ದೆ. ಟೆಂಟಿಗೆ ಹೊಸ ಸಿನಿಮಾ ಬಂದಿತ್ತು. ಕಡಿಮೆ ಬಿದ್ದದ್ದಕ್ಕೆ ನೀರು ಬೆರೆಸಿಕೊಳ್ಳೋಣವೆಂದು ಕೆರೆ ಏರಿಯಿಂದ ತೂಬಿನ ಕಡೆಗೆ ಸೈಕಲ್ ಇಳಿಸಿದೆ. ಮದ್ದೂರಿಗೆ ಹೋಗುವವನು ಆ ಕಡೆ ಯಾಕೆ ಇಳಿದೆ ಎಂದು ಅಜ್ಜಿ ಸಾಯುವವರೆಗೂ ಕೇಳುತ್ತಿದ್ದಳು. ಮಂಜು ಬಿದ್ದು ಹುಲ್ಲೆಲ್ಲ ತೊಯ್ದಿತ್ತು, ಚಕ್ರದ ರಿಮ್ಮೂ ತೊಯ್ದಿತ್ತು, ಬ್ರೇಕು ಹಿಡಿಯಲಿಲ್ಲ. ಇಪ್ಪತ್ತು ಮಾರು ಇಳಿಜಾರು, ಅಷ್ಟೇ. ಹಾಲು ಒಂದು ಸಲ ಎಡಕ್ಕೆ ಎಳೆಯಿತು, ಹ್ಯಾಂಡಲ್ ನಡುಗಿತು, ನಾನು ಹೆದರಿ ಇನ್ನೂ ಬಿಗಿಯಾಗಿ ಹಿಡಿದೆ. ಹಿಡಿದಷ್ಟೂ ನಡುಕ ಹೆಚ್ಚಾಯಿತು. ಬಾರಿನ ಮೇಲೆ ಕುಳಿತಿದ್ದ ನಿಮ್ಮಪ್ಪ ಗಾಬರಿಯಲ್ಲಿ ಕಾಲು ಚಾಚಿದ. ಮುಂದಿನ ಚಕ್ರದ ಕಡ್ಡಿಗಳು.

ಹಾಲೆಲ್ಲ ಚೆಲ್ಲಿಹೋಯಿತು ಎಂದು ಮನೆಯಲ್ಲಿ ಹೇಳಿದೆ. ಎಷ್ಟು ಹಾಲು ಎಂದು ಯಾರೂ ಕೇಳಲಿಲ್ಲ. ಟೀ ಅಂಗಡಿಯಲ್ಲಿ ಅಳೆದುಕೊಡುವಾಗ ನಿಮ್ಮಪ್ಪ ಬಾರಿನ ಮೇಲಿಂದಲೇ ನೋಡುತ್ತಿದ್ದ. ಇವತ್ತಿನವರೆಗೂ ಬಾಯಿಬಿಟ್ಟಿಲ್ಲ, ನನ್ನೆದುರಿಗೂ. ಆ ದುಡ್ಡು ಬಹಳ ದಿನ ನನ್ನ ಅಂಗಿಯ ಜೇಬಿನಲ್ಲೇ ಇತ್ತು, ಆಮೇಲೆ ಏನಾಯಿತೋ ನೆನಪಿಲ್ಲ. ಸಿನಿಮಾಕ್ಕಂತೂ ಹೋಗಲಿಲ್ಲ.

ನಿನಗೆ ಹೆದರಿಕೆ ಹುಟ್ಟಿಸಲು ಇದನ್ನು ಬರೆಯುತ್ತಿಲ್ಲ. ನಿನ್ನದು ಡಿಸ್ಕ್ ಬ್ರೇಕು, ಒಳ್ಳೆಯ ಟೈರು, ಎಲ್ಲ ಸರಿ. ಆದರೂ ನಡುಕ ಶುರುವಾದರೆ ಕೈ ಸಡಿಲ ಬಿಡು, ಎರಡು ಮೊಣಕಾಲನ್ನೂ ಬಾರಿಗೆ ಒತ್ತಿ ಹಿಡಿದು ನಿಧಾನವಾಗಿ ವೇಗ ಇಳಿಸು. ನನಗೆ ಇದನ್ನು ಹೇಳಿಕೊಟ್ಟವನು ಒಬ್ಬ ಸೈಕಲ್ ಶಾಪಿನವನು, ಎಲ್ಲ ಆಗಿಹೋದ ಎರಡು ವರ್ಷದ ಮೇಲೆ. ಕ್ಯಾರಿಯರಿನ ಸ್ಕ್ರೂಗಳನ್ನು ದಿನಾ ಬೆಳಿಗ್ಗೆ ಮುಟ್ಟಿ ನೋಡು. ಚಕ್ರದ ಕಡ್ಡಿ ಸಡಿಲವಿದೆಯೇ, ಹ್ಯಾಂಡಲಿನ ಬೇರಿಂಗಿನಲ್ಲಿ ಆಟವಿದೆಯೇ ಎಂದು ತೀರ್ಥಹಳ್ಳಿಯಲ್ಲಿ ಒಮ್ಮೆ ತೋರಿಸಿಕೋ. ಬ್ಯಾಗಿನ ಪಟ್ಟಿಯ ಬಾಲಗಳನ್ನು ಜೋತುಬಿಡದೆ ಸುತ್ತಿ ಸಿಕ್ಕಿಸು. ತುಳಿಯುವಾಗ ಹಿಮ್ಮಡಿ ಬ್ಯಾಗಿಗೆ ತಾಗುತ್ತದೆಯೇ ನೋಡಿಕೊಂಡು ಕೊಂಚ ಹಿಂದಕ್ಕೆ ಸರಿಸು. ಇವೆಲ್ಲ ನಿನಗೆ ಗೊತ್ತಿರುತ್ತದೆ.

ಡಿಸೆಂಬರಿನಲ್ಲಿ ಹೊರಟಿದ್ದೀಯ, ಒಳ್ಳೆಯದಾಯಿತು. ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಊರು ಆಗುಂಬೆ. ಆದರೆ ಡಿಸೆಂಬರಿನಲ್ಲೂ ಬೆಳಗಿನ ಮಂಜು ಇದ್ದರೆ ಬಿಸಿಲೇರುವವರೆಗೆ ಕಾಫಿ ಕುಡಿಯುತ್ತ ಕುಳಿತಿರು. ಬ್ರೇಕನ್ನು ಒಂದೇ ಸಮನೆ ಒತ್ತಿಕೊಂಡು ಇಳಿಯಬೇಡ, ಕಾಯುತ್ತದೆ. ಹಿಡಿದು ಬಿಡು, ಹಿಡಿದು ಬಿಡು. ನಾಲ್ಕು ತಿರುವಿಗೊಮ್ಮೆ ನಿಲ್ಲು. ನಿಂತಾಗ ತಿನ್ನುವ ಪೊಟ್ಟಣ ಹೊರಗೆ ಕಾಣದಿರಲಿ, ಅಲ್ಲಿನ ಕೋತಿಗಳು ಬ್ಯಾಗಿನ ಜಿಪ್ ತೆಗೆಯುವುದರಲ್ಲಿ ನಮ್ಮ ಮನೆಯ ಮಕ್ಕಳಿಗಿಂತ ಚುರುಕು.

ಹೊರಡುವ ಮುಂಚೆ ಇದೇ ಸಾಮಾನು ಹೇರಿಕೊಂಡು ನಂದಿಬೆಟ್ಟವನ್ನು ಇನ್ನೊಮ್ಮೆ ಇಳಿದು ನೋಡಿ ನನಗೆ ಬರೆ. ಹ್ಯಾಂಡಲ್ ನಡುಗಿದರೆ ನಡುಗಿತೆಂದೇ ಬರೆ. ಆಮೇಲೆ ಸೋಮೇಶ್ವರ ಮುಟ್ಟಿದ ಕೂಡಲೇ ಫೋನು ಮಾಡು. ಮೊದಲು ನನಗೆ ಮಾಡು. ನಿಮ್ಮಪ್ಪನಿಗೆ ನಾನೇ ಹೋಗಿ ಹೇಳುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ