ಕಬ್ಬಿಣ ಕರಗಲ್ಲ ಸಾರ್, ಕರಗೋದು ತಾಮ್ರ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಉದ್ಯೋಗ ಪುಟದಲ್ಲಿ ಪೌಡರ್ ಮೆಟಲರ್ಜಿ, ಅಂದ್ರೆ ಲೋಹದ ಪುಡಿ ಒತ್ತಿ ಕಾಯಿಸಿ ಬಿಡಿಭಾಗ ಮಾಡೋ ಕೆಲಸದ ಬಗ್ಗೆ ಬರೆದಿದ್ರಿ, ಖುಷಿ ಆಯ್ತು, ನಮ್ಮ ಕೆಲಸದ ಬಗ್ಗೆ ಕನ್ನಡದಲ್ಲಿ ಯಾರು ಬರೀತಾರೆ ಹೇಳಿ. ಆದ್ರೆ ಕಬ್ಬಿಣದ ಪುಡಿ ಕರಗಿಸಿ ಬಿಡಿಭಾಗ ಮಾಡ್ತಾರೆ ಅಂತ ಹಾಕಿದೀರಲ್ಲ, ಅದು ತಪ್ಪು. ಒತ್ತಿದ ಪುಡಿನ ಕಬ್ಬಿಣ ಕರಗದ ಹಾಗೆ ಕಾಯಿಸಿ ಗಟ್ಟಿ ಮಾಡೋದಕ್ಕೆ ಸಿಂಟರಿಂಗ್ ಅಂತೀವಿ, ಪೀಣ್ಯದಲ್ಲಿ ಆ ಸಿಂಟರಿಂಗ್ ಫರ್ನೇಸ್ ಮುಂದೆ ಹದಿನೆಂಟು ವರ್ಷ ನಿಂತಿದೀನಿ, ಕಬ್ಬಿಣ ಕರಗಿದ್ದು ಒಂದಿನಾನೂ ನೋಡಿಲ್ಲ. ಕರಗಿದ್ರೆ ಪೀಸುಗಳನ್ನ ಒಳಗೆ ಸಾಗಿಸೋ ಫರ್ನೇಸ್ ಬೆಲ್ಟೂ ಅದರ ಜೊತೆಗೇ ಹೋಗ್ತಿತ್ತು!

ಕಬ್ಬಿಣ ಕರಗೋಕೆ 1538 ಡಿಗ್ರಿ ಬೇಕು, ನಾವು ಓಡ್ಸೋದು 1120ರಲ್ಲಿ. ತಾಮ್ರ 1085ಕ್ಕೇ ನೀರಾಗುತ್ತೆ, ಆಟ ಇರೋದೇ ಅಲ್ಲಿ. ಮಾಮೂಲಿ ಮಿಕ್ಸ್‌ನಲ್ಲಿ ನೂರಕ್ಕೆ ಎರಡು ಪಾಲು ತಾಮ್ರ, ಅರ್ಧ ಮುಕ್ಕಾಲು ಪಾಲು ಗ್ರಾಫೈಟ್ ಅಂದ್ರೆ ಕಾರ್ಬನ್ ಪುಡಿ, ಸ್ವಲ್ಪ ಲೂಬ್ರಿಕೆಂಟ್, ಮಿಕ್ಕಿದ್ದು ಕಬ್ಬಿಣದ ಪುಡಿ. ಇದನ್ನ ಪ್ರೆಸ್‌ನಲ್ಲಿ ಒತ್ತಿದಾಗ ಬರೋ ಪೀಸಿಗೆ ಗ್ರೀನ್ ಅಂತೀವಿ, ಬಣ್ಣ ಹಸಿರಲ್ಲ, ಇನ್ನೂ ಹಸಿ ಅಂತ ಅಷ್ಟೆ. ಕೈ ಜಾರಿದ್ರೆ ರಸ್ಕ್ ಥರ ಮುರಿಯುತ್ತೆ, ಮುರಿದ ಜಾಗ ಬೆಳಕಿಗೆ ಹಿಡಿದು ನೋಡಿದ್ರೆ ಬೂದು ಬಣ್ಣದ ಮಧ್ಯೆ ಕೆಂಪು ಚುಕ್ಕಿ ಕಾಣ್ತವೆ, ಅದೇ ತಾಮ್ರ.

ಫರ್ನೇಸ್ ಒಳಗೆ ಆಗೋದು ಹೆಚ್ಚುಕಮ್ಮಿ ನಮ್ಮನೇಲಿ ಎಳ್ಳುಂಡೆ ಕಟ್ಟಿದ ಹಾಗೆ. ಎಳ್ಳು ಕರಗಲ್ಲ, ಬೆಲ್ಲದ ಪಾಕ ಸಂದಿಗೊಂದಿಗೆಲ್ಲ ಹರಿದು ಹಿಡಿದುಕೊಳ್ಳುತ್ತೆ. ಆದ್ರೆ ಇಲ್ಲಿ ಪಾಕ ನಡುವೆ ಉಳಿಯಲ್ಲ, ಕಬ್ಬಿಣದ ಕಣದೊಳಗೇ ಇಂಗಿಹೋಗುತ್ತೆ, ತಾಮ್ರ ಇದ್ದ ಜಾಗದಲ್ಲಿ ತೂತು ಉಳಿಯುತ್ತೆ, ಕಬ್ಬಿಣ ಊದ್ಕೊಳ್ಳುತ್ತೆ. ಅಂದ್ರೆ ಪೀಸು ಕುಗ್ಗೋ ಬದಲು ದೊಡ್ಡದಾಗುತ್ತೆ! ಸಿಂಟರಿಂಗ್ ಅಂದ್ರೆ ಕುಗ್ಗೋದು ಅಂತಷ್ಟೇ ಓದ್ಕೊಂಡು ಬಂದ ಹುಡುಗರು ಮೈಕ್ರೋಮೀಟರ್ ಕೆಟ್ಟಿದೆ ಅಂತ ತಂದು ಕೊಡ್ತಾರೆ.

ನಾನೂ ಹೊಸದರಲ್ಲಿ ಇದರಲ್ಲಿ ಬಿದ್ದವನೇ. ಒಂದು ಲಾಟ್ ಬುಶ್, ಅಂದ್ರೆ ಕೊಳವೆ ಥರದ ಪೀಸು, ಗ್ರೀನ್‌ನಲ್ಲಿ ಸೈಜ್ ಕರೆಕ್ಟು, ಸಿಂಟರ್ ಆಗಿ ಹೊರಗೆ ಬಂದ್ಮೇಲೆ ಹೊರಗಿನ ಅಳತೆ ನೋಡೋ ರಿಂಗ್ ಗೇಜ್ ಒಳಗೆ ಒಂದೂ ಹೋಗಲ್ಲ. ಇಡೀ ದಿನ ಪ್ರೆಸ್ ಆಪರೇಟರ್‌ನ ಬೈದಿದ್ದೇ ಬೈದಿದ್ದು, ಸೆಟ್ಟಿಂಗ್ ಬದಲಾಯಿಸಿದ್ದೇ ಬಂತು, ಸಾಯಂಕಾಲ ಕಾರ್ಬನ್ ಚೆಕ್ ಮಾಡ್ಸಿದಾಗ ಗೊತ್ತಾಯ್ತು ಗ್ರಾಫೈಟ್ ತೂಕ ಕಮ್ಮಿ ಹಾಕಿದಾರೆ ಅಂತ. ಗ್ರಾಫೈಟ್ ಬರೀ ಗಟ್ಟಿ ಮಾಡೋಕಲ್ಲ, ಕರಗಿದ ತಾಮ್ರ ಕಬ್ಬಿಣದ ಒಳಗೆ ನುಗ್ಗೋದನ್ನೂ ತಡೆಯುತ್ತೆ, ಊತ ಹತೋಟಿಲಿರುತ್ತೆ. ಪಾಪ ಆ ಆಪರೇಟರ್ ಹತ್ರ ಸಾರಿ ಕೇಳೋಕೂ ಯಾರೂ ಹೋಗ್ಲಿಲ್ಲ, ನಾನೂ ಹೋಗ್ಲಿಲ್ಲ.

ಫಾಸ್ಫರಸ್ ಹಾಕಿದ ಕಬ್ಬಿಣದ ಕಥೆ ಇದಕ್ಕೆ ಉಲ್ಟಾ, 1050 ಡಿಗ್ರಿ ಹತ್ರನೇ ದ್ರವ ಹುಟ್ಟುತ್ತೆ, ಪೀಸು ಕುಗ್ಗಿ ಗಟ್ಟಿಯಾಗುತ್ತೆ. ಉಕ್ಕಿನ ಕಾರ್ಖಾನೆಯವರಿಗೆ ಫಾಸ್ಫರಸ್ ಅಂದ್ರೆ ಶನಿ, ನಮಗೆ ಬ್ರೇಕ್ ಸೆನ್ಸರ್ ರಿಂಗ್‌ಗೆ ಅದೇ ಬೇಕು. ಅದನ್ನ ಬರೆಯೋಕೆ ಇನ್ನೊಂದು ಪತ್ರ ಆಗುತ್ತೆ ಬಿಡಿ.

ಇಷ್ಟೆಲ್ಲ ಯಾಕೆ ಬರೆದೆ ಅಂದ್ರೆ, ಮೊನ್ನೆ ಇಂಟರ್ವ್ಯೂಗೆ ಒಬ್ಬ ಡಿಪ್ಲೊಮಾ ಹುಡುಗ ಬಂದಿದ್ದ, ಫೈಲ್‌ನಲ್ಲಿ ನಿಮ್ಮ ಪೇಪರ್ ಕಟಿಂಗ್ ಇಟ್ಕೊಂಡಿದ್ದ, ಸಿಂಟರಿಂಗ್ ಅಂದ್ರೇನಪ್ಪ ಅಂದೆ, ಕಬ್ಬಿಣ ಕರಗಿಸೋದು ಸಾರ್ ಅಂತ ಬಾಯಿಪಾಠ ಒಪ್ಪಿಸಿದ. ಓದ್ಕೊಂಡು ಬಂದಿದ್ದಾನೆ, ಅವನ ತಪ್ಪೇನಿದೆ? ಒಂದು ಗ್ರೀನ್ ಪೀಸು, ಒಂದು ಸಿಂಟರ್ ಆದ ಪೀಸು ಕೈಗೆ ಕೊಟ್ಟು ಅಳತೆ ಮಾಡು ಅಂದೆ, ಎರಡು ಸಲ ಅಳೆದು ನನ್ನ ಮುಖ ನೋಡ್ದ. ಕೆಲಸ ಕೊಟ್ವಿ. ಆದ್ರೆ ಬರೋ ಸೋಮವಾರ ಇನ್ನೂ ನಾಲ್ಕು ಜನ ಬರ್ತಿದಾರೆ, ಅಷ್ಟರೊಳಗೆ ಒಂದು ತಿದ್ದುಪಡಿ ಹಾಕಿಬಿಡಿ.

— ಒಬ್ಬ ಶಾಪ್ ಫ್ಲೋರ್ ಓದುಗ, ಪೀಣ್ಯ, ಬೆಂಗಳೂರು